ಎರಡನೇ ಬಾಟಲಿ

"ಮುಂದೆ ಹೋಗೋ ಹಾಗಿಲ್ಲ. ಏನೂ ಕಾಣಿಸ್ತಿಲ್ಲ," ಎಂದು ಡಾಕ್ಟರ್ ಕರುಳು ನೋಡುವ ಕ್ಯಾಮೆರಾ ಕೊಳವೆಯನ್ನು ಹೊರಗೆಳೆಯತೊಡಗಿದರು. ಎಡಮಗ್ಗುಲಾಗಿ ಮಲಗಿದ್ದ ದೊಡ್ಡ ಸಿಸ್ಟರ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಂಪರಿನ ಇಂಜೆಕ್ಷನ್ ಬೇಡವೆಂದು ಹಠ ಹಿಡಿದವಳೂ ಅವಳೇ. ಈಗ ಒಂದೊಂದು ಮಾತೂ ಕಿವಿಗೆ ಬೀಳುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಆ ಕೋಣೆಯಲ್ಲಿ ನರ್ಸಾಗಿ ಅವಳದೇ ದರ್ಬಾರು. ಕೊಳವೆ ಬಿಟ್ಟು ನೋಡಬೇಕಾದರೆ ಕರುಳು ತೊಳೆದಿಟ್ಟ ಪಾತ್ರೆಯ ಹಾಗಿರಬೇಕು, ಅದಕ್ಕೆ ಹಿಂದಿನ ಸಂಜೆ ಒಂದು, ಬೆಳಿಗ್ಗೆ ಐದಕ್ಕೆ ಒಂದು, ಎರಡು ಬಾಟಲಿ ಭೇದಿ ಔಷಧಿ ಕುಡಿಯಲೇಬೇಕು ಎಂದು ಸಾವಿರಾರು ಜನರಿಗೆ ಹೇಳಿಕೊಟ್ಟವಳು. ಕುಡಿಯದೆ ಬಂದವರ ಗ್ರಹಚಾರ ಬಿಡಿಸುತ್ತಿದ್ದವಳು. ಈಗ ಎರಡು ತಿಂಗಳಿಂದ ಅವಳಿಗೇ ಮಲದಲ್ಲಿ ರಕ್ತ ಹೋಗುತ್ತಿತ್ತು. ಅವಳ ಅಕ್ಕ ತೀರಿಕೊಂಡದ್ದು ಕರುಳಿನ ಗಡ್ಡೆಯಿಂದಲೇ.

"ಎರಡನೇ ಬಾಟಲಿ ಕುಡಿಯಲಿಲ್ವಾ ನೀವು?" ಡಾಕ್ಟರ್ ಕೇಳಿದರು.

"ಮರೆತುಬಿಟ್ಟೆ."

ಮರೆತಿರಲಿಲ್ಲ. ನಿನ್ನೆ ಸಂಜೆ ಮೊದಲ ಬಾಟಲಿ ಹೊಟ್ಟೆಗಿಳಿದು ಅರ್ಧ ಗಂಟೆಯಾಗಿರಲಿಲ್ಲ, ಸೊಸೆಯ ತಂದೆತಾಯಿ ಹೇಳದೆ ಕೇಳದೆ ಬಂದಿಳಿದರು. ಮನೆಗಿರುವುದು ಒಂದೇ ಬಾತ್‌ರೂಮು, ಅದರ ಬಾಗಿಲು ಊಟದ ಮೇಜಿಗೆ ಮೂರು ಹೆಜ್ಜೆ. ಒಳಗಿನ ಸದ್ದೆಲ್ಲ ಹೊರಗೆ. ಐದನೇ ಸಲ ಎದ್ದಾಗ ಬೀಗರು ತಟ್ಟೆಯಿಂದ ತಲೆಯೆತ್ತಿ, "ಏನಮ್ಮಾ, ಇವತ್ತು ಓಡಾಟ ಜೋರಾಗಿದೆ!" ಎಂದು ನಕ್ಕರು. ಸೊಸೆ ತಲೆ ತಗ್ಗಿಸಿದಳು. ಬೆಳಿಗ್ಗೆ ಐದಕ್ಕೆ ನೋಡಿದರೆ ಬೀಗರು ಆಗಲೇ ಬಾತ್‌ರೂಮು ಸೇರಿಕೊಂಡು ಚಿಲಕ ಹಾಕಿದ್ದರು. ದೊಡ್ಡ ಸಿಸ್ಟರ್ ಎರಡನೇ ಬಾಟಲಿಯನ್ನು ಸದ್ದಿಲ್ಲದೆ ಅಡುಗೆಮನೆಯ ಸಿಂಕಿಗೆ ಸುರಿದಳು.

'ಮರೆತುಬಿಟ್ಟೆ' ಎಂದ ಮೇಲೆಯೇ ಅವಳಿಗೆ ಕೊಡೆ ರಿಪೇರಿಯ ಮುದುಕನ ನೆನಪಾದದ್ದು. ಹೋದ ವಾರ ಅವನೂ ಇದೇ ಮಂಚದಿಂದ ಅರ್ಧಕ್ಕೇ ಎದ್ದಿದ್ದ. "ಮರೆತುಬಿಟ್ಟೆ ತಾಯಿ... ಮನೇಲಿ ಎಂಟು ಜನ, ಸೊಸೆ ಬೇರೆ..." ಎಂದು ಏನೋ ಹೇಳಲು ಹೊರಟವನನ್ನು ತಡೆದು, ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, "ಮರೆತು ಬರೋಕೆ ಅದೇನು ಕೊಡೆನಾ ಅಜ್ಜಾ?" ಎಂದಿದ್ದಳು. ಬೆಂಚು ಪೂರ್ತಿ ನಕ್ಕಿತ್ತು. ತನ್ನ ಮಾತಿಗೆ ತಾನೇ ಹಿಗ್ಗಿದ್ದಳು. ಮುದುಕ ಮುಂದಿನ ತಾರೀಖು ಕೂಡ ಕೇಳದೆ, ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಹೊರಟುಹೋಗಿದ್ದ. ಅವನಿಗೂ ರಕ್ತ ಹೋಗುತ್ತಿತ್ತು. ಅದನ್ನು ನೆನೆದು ಅವಳ ಮುಖ ಉರಿಯಿತು.

ಚಿಕ್ಕ ಸಿಸ್ಟರ್ ರಿಜಿಸ್ಟರ್ ಹಿಡಿದು ಬಂದಳು. "ಅರ್ಧಕ್ಕೆ ನಿಂತಿದ್ದಕ್ಕೆ ಕಾರಣ ಏನಂತ ಬರೀಲಿ, ಮೇಡಂ?"

"ಆ ಕೊಡೆ ರಿಪೇರಿಯವರದ್ದು ಏನಂತ ಬರೆದಿದೆ?"

"'ರೋಗಿಯ ಅಸಡ್ಡೆ' ಅಂತ. ನಿಮ್ಮದೇ ಕೈಬರಹ."

"ನನಗೂ ಅದನ್ನೇ ಬರಿ. ಅವರ ಫೋನ್ ನಂಬರ್ ಹೇಳು."

ಹಿಂದೆ ತೆರೆದುಕೊಳ್ಳುತ್ತಿದ್ದ ಆಸ್ಪತ್ರೆ ಗೌನನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದರಲ್ಲಿ ಫೋನ್ ಕಿವಿಗಿಟ್ಟಳು. ಅವಳ ದನಿ ಗುರುತು ಸಿಕ್ಕಿದ್ದೇ ಮುದುಕ ಗಾಬರಿಯಾದ.

"ಬೈಬೇಡಿ ತಾಯಿ, ಇನ್ನೊಂದ್ಸಲ ಮರೆಯಲ್ಲ."

"ಬೈಯೋಕಲ್ಲ ಅಜ್ಜಾ. ನೀವು ಮರೆತಿರಲಿಲ್ಲ, ಅಲ್ವಾ? ಎಂಟು ಜನಕ್ಕೂ ಒಂದೇ ಬಾತ್‌ರೂಮಾ? ಹಿಂದಿನ ದಿನವೇ ಇಲ್ಲಿಗೆ ಬಂದುಬಿಡಿ. ಇಲ್ಲೇ ಮಂಚ ಕೊಡಿಸ್ತೀನಿ, ಪಕ್ಕದಲ್ಲೇ ಬಾತ್‌ರೂಮ್ ಇದೆ."

ಆ ಕಡೆ ಮುದುಕ ದನಿ ತಗ್ಗಿಸಿದ.

"ಸ್ವಲ್ಪ ಮೆಲ್ಲಗೆ ಹೇಳಿ ತಾಯಿ. ಅಲ್ಲಿ ಹೊರಗೆ ಬೆಂಚಿನ ಮೇಲೆ ಜನ ಇರ್ತಾರೆ."