ಗೋಡೆಯ ಮೇಲಿನ ದೋಣಿ

“ಬ್ರಷ್ ಕೆಳಗಿಡು!”

ಪೇಂಟರ್ ಬೆಚ್ಚಿಬಿದ್ದ. ಫಿರಂಗಿ ಅಜ್ಜ ಅವನಿಗೂ ಉಕ್ಕಿನ ಗೋಡೆಗೂ ನಡುವೆ ಬಂದು ನಿಂತಿದ್ದ. ಬೂದು ಬಣ್ಣ ಅಜ್ಜನ ಬಿಳಿ ಸಮವಸ್ತ್ರದ ಮೇಲೆಲ್ಲ ಸಿಡಿಯಿತು. ಅಜ್ಜ ಕದಲಲಿಲ್ಲ.

ಗೋಡೆಯ ಮೇಲಿದ್ದದ್ದು ಅಂಗೈಯಗಲದ ಒಂದು ಕಪ್ಪು ದೋಣಿಯ ಚಿತ್ರ. ಈ ಹಡಗು ಹೊಡೆದು ಮುಳುಗಿಸಿದ ದೋಣಿಯ ಗುರುತು. ಬೇಟೆಗಾರ ಗೋಡೆಗೆ ಕೊಂಬು ನೇತುಹಾಕುತ್ತಾನಲ್ಲ, ಹಾಗೆ.

ಈ ಕ್ಷಿಪಣಿ ಹಡಗು ಈಗ ವಸ್ತುಸಂಗ್ರಹಾಲಯ, ಅಜ್ಜ ಅದರ ಗೈಡು. ದಿನವೂ ಒಂದೇ ಪಾಠ: ಹಡಗಿನದು ಮೂವತ್ತು ವರ್ಷದ ಸೇವೆ, ಎರಡು ಚಂಡಮಾರುತ, ಲೆಕ್ಕವಿಲ್ಲದಷ್ಟು ಕವಾಯತು, ಶತ್ರುವಿನ ಮೇಲೆ ಬಿಟ್ಟದ್ದು ಒಂದೇ ಒಂದು ಕ್ಷಿಪಣಿ, ಮುಳುಗಿದ್ದು ತೋಪು ಕಟ್ಟಿದ ಒಂದು ದೋಣಿ. “ಯಾರೂ ಉಳೀಲಿಲ್ಲ” ಎಂದು ಮುಗಿಸಿದರೆ ಶಾಲೆಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ಅವನ ಬಲಗಿವಿ ಕೇಳಿಸುತ್ತಿರಲಿಲ್ಲ, ಕುತ್ತಿಗೆಯಲ್ಲಿ ಸುಟ್ಟ ಕಲೆ. ಏನಜ್ಜ ಇದು ಎಂದರೆ, “ಈ ಹಡಗಿನ ಕ್ಷಿಪಣಿಯದ್ದೇ” ಎನ್ನುತ್ತಿದ್ದ; ಫಿರಂಗಿ ಅಜ್ಜ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಕೆಲಸಕ್ಕೆ ಸೇರುವಾಗಲೂ ಆ ಕಲೆಯೇ ಅವನ ಶಿಫಾರಸು. ಬೇರೇನನ್ನೂ ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ಬಾವುಟ ಏರುವಾಗ ಎಲ್ಲರೂ ಅದರತ್ತ ಸೆಲ್ಯೂಟ್ ಹೊಡೆದರೆ, ಅಜ್ಜ ಈ ಗೋಡೆಯ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದ. ಅಜ್ಜನಿಗೆ ಇದೇ ದೇವರು ಎಂದು ಟಿಕೆಟ್ ಕೊಡುವವಳು ನಗುತ್ತಿದ್ದಳು.

ಗಲಾಟೆ ಕೇಳಿ ಕಪ್ತಾನರು ಮೆಟ್ಟಿಲೇರಿ ಬಂದರು. ಅಂದು ಕ್ಷಿಪಣಿ ಬಿಡಲು ಆಜ್ಞೆ ಕೊಟ್ಟವರು ಅವರೇ. ಆ ಒಂದೇ ಏಟಿಗೆ ಪದಕ ಬಂತು, ಬಡ್ತಿ ಬಂತು. ಈಗ ಸಂಗ್ರಹಾಲಯದ ಅಧ್ಯಕ್ಷಗಿರಿಯೂ ಬಂದಿತ್ತು.

“ಏನಯ್ಯಾ ಇದು? ನಾಳೆ ಆ ದೇಶದ ನೌಕಾಪಡೆಯವರು ಬರ್ತಿದ್ದಾರೆ. ಇದು ಅವರ ಕಣ್ಣಿಗೆ ಬೀಳಬಾರದು.”

ನಿನ್ನೆಯ ಹಗೆ ಇಂದು ಬೀಗನಾಗಿದ್ದ. ಬೀಗರು ಬರುವ ಮುಂಚೆ ಗೋಡೆಗೆ ಬಣ್ಣ ಬಳಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ.

“ಒಂದು ಪರದೆ ಹಾಕಿ ಮುಚ್ಚಿ ಸಾರ್, ಅವರು ಹೋದ ಮೇಲೆ ತೆಗೆದ್ರಾಯ್ತು.”

“ಇನ್ಮೇಲೆ ವರ್ಷಾ ವರ್ಷ ಬರ್ತಾರೆ. ಅಳಿಸಿಬಿಡೋದೇ ಸರಿ.”

“ಬೇಡಿ ಸಾರ್. ನಿಮ್ಮ ಕಾಲು ಹಿಡ್ಕೋತೀನಿ.”

ಅಜ್ಜ ನಿಜಕ್ಕೂ ಬಗ್ಗಿದ. ಕಪ್ತಾನರ ಕಣ್ಣು ತೇವವಾಯಿತು. ಗೆದ್ದ ತಮಗೇ ಇಲ್ಲದ ಅಭಿಮಾನ ಈ ಮುದುಕನಿಗೆ! ಭುಜ ಹಿಡಿದು ಎಬ್ಬಿಸಿದರು.

“ಆವತ್ತು ನೀನು ಯಾವ ಡ್ಯೂಟಿಲಿದ್ದೆ? ಮುಖ ನೆನಪಾಗ್ತಾ ಇಲ್ಲ.”

“ಹೊರಗಡೆ ಇದ್ದೆ ಸಾರ್. ನಿಮಗೆ ಕಂಡಿರಲ್ಲ.”

ಅಳಿಸುವ ಮುಂಚೆ ಒಮ್ಮೆ ನೋಡೋಣವೆಂದು ಕಪ್ತಾನರು ಕನ್ನಡಕ ಏರಿಸಿ ಚಿತ್ರದ ಹತ್ತಿರ ಬಾಗಿದರು. ಬಣ್ಣ ಮಾಸಿದಾಗಲೆಲ್ಲ ಅದನ್ನು ತಿದ್ದುವುದು ಅಜ್ಜನ ಕೆಲಸ. ಇಷ್ಟು ವರ್ಷದಲ್ಲಿ ಅವರು ಹತ್ತಿರದಿಂದ ನೋಡಿದ್ದು ಇದೇ ಮೊದಲು.

“ಇದರಲ್ಲೊಂದು ತೋಪು ಇತ್ತಲ್ಲ, ಎಲ್ಲಿ?”

“ತೆಗೆದೆ ಸಾರ್. ಬಣ್ಣ ಬಳಿದಾಗಲೆಲ್ಲ ಒಂಚೂರು ಒಂಚೂರು.”

“ದೋಣಿಯ ಮೂತಿಗೆ ಹಸಿರು ಯಾಕೆ ಬಳಿದೆ?”

“ಹಸಿರೇ ಇತ್ತು ಸಾರ್.”

ಕಪ್ತಾನರು ಜೋರಾಗಿ ನಕ್ಕರು. “ತಲೆ ಕೆಟ್ಟಿದೆಯೇನಯ್ಯಾ? ಆ ದೋಣಿ ಇದ್ದದ್ದು ಕಣ್ಣಿಗೆ ಎಟುಕದಷ್ಟು ದೂರದಲ್ಲಿ. ನಮಗೆ ಕಂಡದ್ದು ರೇಡಾರಿನ ಮೇಲೆ ಒಂದು ಚುಕ್ಕೆ, ಅಷ್ಟೇ. ಈ ಹಡಗಲ್ಲಿದ್ದ ಒಬ್ಬನೂ ಅದನ್ನ ಕಣ್ಣಾರೆ ನೋಡಿಲ್ಲ.”

ಹೇಳಿದ ಮೇಲೆ ತಮ್ಮ ಮಾತು ಅವರಿಗೇ ಕೇಳಿಸಿತು. ನಗು ಅರ್ಧಕ್ಕೇ ನಿಂತಿತು.

ಚಿತ್ರದ ಮೇಲೆ ಸಿಡಿದಿದ್ದ ಬೂದು ಹನಿಯೊಂದನ್ನು ಅಜ್ಜ ತೋಳಿನಿಂದ ಮೆಲ್ಲಗೆ ಒರೆಸಿದ.

“ಬಲೆ ಎಳೀತಾ ಇದ್ವಿ ಸಾರ್, ನಾನು, ನನ್ನಿಬ್ಬರು ತಮ್ಮಂದಿರು. ಅವರಿಗೆ ಅಂತ ಇರೋ ಸಮಾಧಿ ಇದೊಂದೇ.”