ಕಣ್ಣಿನ ಅಳತೆ

ಬಿಸಿಲು ಎಲ್ಲರ ಕಣ್ಣು ಸುಡತೊಡಗಿ ಹತ್ತು ವರ್ಷವಾಗಿತ್ತು. ವಿಜಯಪುರದ ಬೀದಿಯಲ್ಲಿ ಕಪ್ಪು ಕನ್ನಡಕ ತೆಗೆಯುವವರೇ ಇರಲಿಲ್ಲ. ಒಬ್ಬಳೇ ಬದುಕುತ್ತಿದ್ದ ಮಹಾನಂದಾ, ಬಂದೇನವಾಜನ ಕನ್ನಡಕದಂಗಡಿಗೆ ಮತ್ತೆ ಬಂದಳು. ಅವನು ಪರದೆ ಎಳೆದ; ಇಬ್ಬರೂ ಕನ್ನಡಕ ತೆಗೆದರು. ಅಳತೆಗಾಗಿ ಅವನು ಗಿರಾಕಿಯ ಕಣ್ಣುಗಳನ್ನೇ ದಿಟ್ಟಿಸಬೇಕಿತ್ತು.

“ಈ ಸಲ ಯಾವುದಕ್ರೀ, ಅಕ್ಕಾರ?”

“ಓಡಾಕ.”

“ಹೋದ ವಾರ ಸೈಕಲ್ ಹೊಡ್ಯಾಕ ಒಯ್ದೀರಿ, ಅದರ ಹಿಂದಿನ ವಾರ ಗುಡ್ಡಾ ಹತ್ತಾಕ. ಗಾಜು ಬ್ಯಾರೆ ಆದ್ರೂ ಕಣ್ಣಿನ ಅಳತಿ ಬದಲಾಗಂಗಿಲ್ರೀ. ಬರದಿಟ್ಟೀನಿ, ಮತ್ತ ನೋಡೂದು ಬ್ಯಾಡ.”

ಪರದೆ ತೆರೆಯಲು ಅವನ ಕೈ ಹಗ್ಗದತ್ತ ಹೋಯಿತು.

“ಬದಲಾಗಿರತೈತಿ. ಇನ್ನೊಮ್ಮೆ ನೋಡಪಾ,” ಎಂದಳು ಮಹಾನಂದಾ.

ಬಂದೇನವಾಜ ಹಗ್ಗ ಬಿಟ್ಟ. ಸ್ಟೂಲ್ ಎಳೆದುಕೊಂಡು ಅವಳೆದುರು ಕುಳಿತ. ಅಳತೆಯ ಸ್ಕೇಲು ಎತ್ತಿಕೊಳ್ಳದೆ, ಸುಮ್ಮನೆ ಅವಳ ಕಣ್ಣುಗಳನ್ನೇ ನೋಡಿದ.