ಲಾಜರ ಎದ್ದು ಬಂದ ಸಂಜೆ

ಮೀನಿಗೆ ಹೋದ ಇನಾಸನ ದೋಣಿ ಮಗುಚಿ ಮೂರು ವರ್ಷವಾಗಿತ್ತು. ಗೋವಾದವರೆಗೂ ಹುಡುಕಿಕೊಂಡು ಹೋಗಿ ಬಂದ ಅವನ ತಾಯಿ, "ಹೆಣ ಸಿಕ್ಕಿಲ್ಲ ಅಂದಮೇಲೆ ನನ್ನ ಮಗ ಎಲ್ಲೋ ಬದುಕಿದ್ದಾನೆ" ಎಂದು ಸೊಸೆ ಸೆವ್ರಿನಾಳಿಗೆ ಹೇಳಿದ್ದಳು. ಆಮೇಲೆ ಸೆವ್ರಿನಾಳನ್ನು ಕೇಳಿಕೊಂಡು ಒಳ್ಳೆಯ ಸಂಬಂಧವೊಂದು ಬಂತು. ಅವಳ ಅಣ್ಣ ಎರಡು ಸಲ ಕರೆದೊಯ್ಯಲು ಬಂದ. "ಗಂಡ ಜೀವಂತ ಇರುವಾಗ ಇನ್ನೊಂದು ಮದುವೆಯೇ?" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಸೆವ್ರಿನಾ ಅಣ್ಣನನ್ನು ಬರಿಗೈಯಲ್ಲಿ ಕಳಿಸಿ, ಕಾಲು ಸೋತ ಅತ್ತೆಗೆ ಗಂಜಿ ಬೇಯಿಸುತ್ತ, ಎಣ್ಣೆ ತಿಕ್ಕುತ್ತ ಉಳಿದುಬಿಟ್ಟಳು.

ಈಸ್ಟರ್ ದಿನ ಸಂಜೆ ಇಗರ್ಜಿಯ ಅಂಗಳದಲ್ಲಿ ಲಾಜರನ ನಾಟಕವಿತ್ತು. ಸೆವ್ರಿನಾ ಅತ್ತೆಯ ಕೈಹಿಡಿದು ನಡೆಸಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂರಿಸಿದಳು. ಸತ್ತು ನಾಲ್ಕು ದಿನವಾದವನನ್ನು ಯೇಸು ಗೋರಿಯ ಮುಂದೆ ನಿಂತು ಹೆಸರು ಹಿಡಿದು ಕರೆದ. ಮೈತುಂಬ ಬಿಳಿಬಟ್ಟೆ ಸುತ್ತಿಕೊಂಡ ಲಾಜರ ತಡವರಿಸುತ್ತ ಹೊರಗೆ ಬಂದ. ಜನ ಚಪ್ಪಾಳೆ ತಟ್ಟಿದರು. ಸೆವ್ರಿನಾಳಿಗೆ, ದೇವರು ಮನಸ್ಸು ಮಾಡಿದರೆ ಕಡಲು ಯಾವ ಲೆಕ್ಕ ಎನಿಸಿತು. ಪಕ್ಕದಲ್ಲಿ ಅತ್ತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಳಬೇಡಿ ಅತ್ತೆ," ಸೆವ್ರಿನಾ ಅವಳ ಭುಜ ಬಳಸಿದಳು. "ನಿಮ್ಮ ಮಗನೂ ಒಂದು ದಿನ ಹೀಗೇ ಬರುತ್ತಾನೆ."

ಯಾರಿಗೆ ಹೇಳುತ್ತಿದ್ದೇನೆಂಬ ಪರಿವೆಯೇ ಇಲ್ಲದೆ, ಲಾಜರನನ್ನೇ ನೋಡುತ್ತ ಅತ್ತೆ ಎದೆ ಬಡಿದುಕೊಂಡಳು: "ಗೋವಾದಲ್ಲಿ ಅವನನ್ನು ಮಣ್ಣು ಮಾಡಿದಾಗ ನಾನೂ ಹೆಸರು ಹಿಡಿದು ಅಷ್ಟು ಕರೆದೆನಲ್ಲೇ, ನನ್ನ ಮಗ ಯಾಕೆ ಏಳಲಿಲ್ಲ?"